ಸ್ಟೆಂಟ್ ಹಾಕಿ ನಾಳ ತೆರೆದ ಮೇಲೂ ಪಂಪಿಂಗ್ ಯಾಕೆ ಕಡಿಮೆ?

ಪ್ರಶ್ನೆ (ಸುರಪುರದ ಸದಸ್ಯರು):
ನಮಸ್ಕಾರ ಡಾಕ್ಟ್ರೇ. ನಮ್ಮ ಕಾಕಾ, ವಯಸ್ಸು 54, ಸಕ್ಕರೆ ಕಾಯಿಲೆ ಇದೆ. ಹೋದ ತಿಂಗಳು ಹೊಲದಲ್ಲಿದ್ದಾಗ ಎದೆನೋವು ಬಂತು. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದರು. ಊರಲ್ಲೇ ಒಬ್ಬರ ಹತ್ತಿರ ನೋವಿನ ಸೂಜಿ ಹಾಕಿಸಿಕೊಂಡರು. ಕಡಿಮೆ ಆಗಲಿಲ್ಲ ಅಂತ ಗಾಡಿ ಮಾಡಿಕೊಂಡು ನೇರ ಕಲಬುರಗಿಗೆ ಕರೆದುಕೊಂಡು ಹೋದೆವು. ಅಷ್ಟರಲ್ಲಿ ಐದು ತಾಸು ಕಳೆದಿತ್ತು. ಸ್ಟೆಂಟ್ ಹಾಕಿದರು, ಬ್ಲಾಕ್ ಪೂರ್ತಿ ಖುಲ್ಲಾ ಆಗಿದೆ ಅಂದರು. ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್, ಅಂದರೆ ಒಂದೊಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡಾ 38 ಅಂತ ಬಂದಿದೆ. ನಾಳ ಖುಲ್ಲಾ ಆದಮೇಲೂ ಹೀಗ್ಯಾಕೆ? ರಕ್ತ ಮತ್ತೆ ಹರಿಯುವಾಗಲೂ ಹೃದಯಕ್ಕೆ ಪೆಟ್ಟು ಬೀಳುತ್ತದೆ ಅಂತ ಎಲ್ಲೋ ಓದಿದೆ. ಅದನ್ನು ತಡೆಯುವ ಔಷಧ ಇತ್ತಾ? ನಾವು ಕೇಳಬೇಕಿತ್ತಾ?

ಉತ್ತರ (ಹೃದ್ರೋಗ ತಜ್ಞರು, ಕಲಬುರಗಿ):
ಮೊದಲು ಕೊನೆಯ ಮಾತಿಗೆ ಉತ್ತರ ಹೇಳಿಬಿಡುತ್ತೇನೆ, ಅದು ನಿಮ್ಮನ್ನು ಕಾಡುತ್ತಿರಬಹುದು. ನೀವು ಕೇಳಿದ್ದರೆ ಕೊಡುತ್ತಿದ್ದರು ಅನ್ನುವಂಥ ಔಷಧ ಇಲ್ಲ. ಯಾರೂ ಬಚ್ಚಿಟ್ಟಿಲ್ಲ.

ನೀವು ಓದಿದ್ದು ಮಾತ್ರ ನಿಜ. ಹೃದಯದ ಸ್ನಾಯುವಿಗೆ ಎರಡು ಸಲ ಪೆಟ್ಟು ಬೀಳುತ್ತದೆ. ಮೊದಲನೆಯದು ನಾಳ ಮುಚ್ಚಿದಾಗ. ರಕ್ತ ನಿಂತು ಅರ್ಧ ತಾಸು ಆಗುವಷ್ಟರಲ್ಲಿ ಜೀವಕೋಶಗಳು ಸಾಯಲು ಶುರುವಾಗುತ್ತವೆ. ಹೃದಯದ ಗೋಡೆಯ ಒಳಪದರದಲ್ಲಿ ಮೊದಲು, ಆಮೇಲೆ ತಾಸು ತಾಸಿಗೆ ಹೊರಗಿನ ಪದರದ ಕಡೆ. ರೈಮರ್ ಮತ್ತು ಜೆನ್ನಿಂಗ್ಸ್ ಎಂಬ ವಿಜ್ಞಾನಿಗಳು 1977ರಲ್ಲಿ ನಾಯಿಗಳ ಹೃದಯದಲ್ಲಿ ಇದನ್ನು ತೋರಿಸಿದರು. ಆರು ತಾಸು ಕಳೆದ ಮೇಲೆ ಉಳಿಸಿಕೊಳ್ಳಲು ಹೆಚ್ಚೇನೂ ಇರಲಿಲ್ಲ. ಮನುಷ್ಯರಲ್ಲಿ ಈ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ಥರ, ಆದರೆ ದಾರಿ ಅದೇ. ನಿಮ್ಮ ಕಾಕಾ ಅವರಿಗೆ ಜಾಸ್ತಿ ನಷ್ಟ ಆಗಿದ್ದು ಈ ಐದು ತಾಸಿನಲ್ಲೇ ಇರಬೇಕು.

ಎರಡನೆಯದು ನಾಳ ತೆರೆದಾಗ. ರಕ್ತವಿಲ್ಲದೆ ಒದ್ದಾಡುತ್ತಿದ್ದ ಕೋಶದೊಳಗೆ ಒಮ್ಮೆಲೇ ಆಮ್ಲಜನಕ ಬರುತ್ತದೆ, ಕ್ಯಾಲ್ಸಿಯಂ ನುಗ್ಗುತ್ತದೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದ ಪೊರೆಯಲ್ಲಿ ತೂತು ಬೀಳುತ್ತದೆ. ಬದುಕಬಹುದಾಗಿದ್ದ ಕೆಲವು ಕೋಶಗಳೂ ಆಗ ಸಾಯುತ್ತವೆ. ಸ್ಟೆಂಟ್ ಹಾಕುವ ಕೋಣೆಯಲ್ಲಿ, ಅಂದರೆ ಕ್ಯಾಥ್ ಲ್ಯಾಬಿನಲ್ಲಿ, ಇದರ ಸುಳಿವು ಕಣ್ಣಿಗೇ ಕಾಣುತ್ತದೆ. ಬಲೂನ್ ಇಳಿಸಿದ ಕೂಡಲೇ ಮಾನಿಟರಿನಲ್ಲಿ ಬಡಿತದ ಲಯ ತಪ್ಪುತ್ತದೆ, ಕೆಲವರಿಗೆ ಬಿಪಿ ಕುಸಿಯುತ್ತದೆ. ಸ್ಟೆಂಟ್ ಚೆನ್ನಾಗಿ ಕೂತಿರುತ್ತದೆ, ದೊಡ್ಡ ನಾಳ ಸ್ವಚ್ಛ ಇರುತ್ತದೆ, ಆದರೂ ಡೈ (ಎಕ್ಸ್‌ರೇಯಲ್ಲಿ ನಾಳ ಕಾಣಿಸುವ ದ್ರವ) ಬಿಟ್ಟರೆ ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತದೆ. ಅಂದರೆ ಕೂದಲಿಗಿಂತ ಸಣ್ಣ ನಾಳಗಳು ಊದಿಕೊಂಡು, ಚೂರುಪಾರು ಹೆಪ್ಪು ಸಿಕ್ಕಿಕೊಂಡು ಕಟ್ಟಿವೆ ಅಂತ ಅರ್ಥ. ಇದನ್ನು ನಾವು ‘ನೋ ರಿಫ್ಲೋ’ ಅನ್ನುತ್ತೇವೆ.

ಹಾಗಂತ ತೆರೆಯದೆ ಬಿಡಬೇಕಿತ್ತು ಅಂತ ದಯವಿಟ್ಟು ತಿಳಿಯಬೇಡಿ. ಬಿಟ್ಟಿದ್ದರೆ ಆ ಭಾಗ ಪೂರ್ತಿ ಹೋಗುತ್ತಿತ್ತು.

ಔಷಧಕ್ಕಾಗಿ ಹುಡುಕಾಟ ನಡೆದೇ ಇದೆ. 1986ರಲ್ಲಿ ನಾಯಿಗಳ ಮೇಲೆ ಒಂದು ಪ್ರಯೋಗ ಆಯಿತು. ನಾಳವನ್ನು ಐದೈದು ನಿಮಿಷ ನಾಲ್ಕು ಸಲ ಮುಚ್ಚಿ ತೆರೆದು, ಆಮೇಲೆ 40 ನಿಮಿಷ ಮುಚ್ಚಿದರು. ಹೀಗೆ ರೂಢಿ ಮಾಡಿಸಿದ ಹೃದಯದಲ್ಲಿ ಪೆಟ್ಟು ಕಾಲು ಭಾಗಕ್ಕೆ ಇಳಿಯಿತು. ಎಲ್ಲರಿಗೂ ಭಾರೀ ಆಸೆ ಹುಟ್ಟಿತು. ಮೈಟೊಕಾಂಡ್ರಿಯಾದಲ್ಲಿ ಆ ತೂತು ಬೀಳದಂತೆ ತಡೆಯಲು ಸೈಕ್ಲೋಸ್ಪೋರಿನ್ ಔಷಧವನ್ನು ಸುಮಾರು 970 ರೋಗಿಗಳಲ್ಲಿ ನೋಡಿದರು. 2015ರಲ್ಲಿ ಬಂದ ಫಲಿತಾಂಶ: ಉಪಯೋಗವಿಲ್ಲ. ಅದೇ ಥರ ರೂಢಿ ಮಾಡಿಸಲು ತೋಳಿಗೆ ಬಿಪಿ ಪಟ್ಟಿ ಕಟ್ಟಿ ಐದೈದು ನಿಮಿಷ ಬಿಗಿದು ಬಿಡುವ ಉಪಾಯವನ್ನು ನಾಲ್ಕು ದೇಶಗಳ 5,400 ರೋಗಿಗಳಲ್ಲಿ ನೋಡಿದರು. 2019ರಲ್ಲಿ ಅದೂ ಕೈಕೊಟ್ಟಿತು. ನನಗನಿಸುವ ಕಾರಣ ಇಷ್ಟು. ಪ್ರಯೋಗದ ಪ್ರಾಣಿ ಎಳೆಯದು, ಆರೋಗ್ಯವಾಗಿರುತ್ತದೆ. ನಮ್ಮ ರೋಗಿಗೆ ವಯಸ್ಸಾಗಿರುತ್ತದೆ, ಸಕ್ಕರೆ, ಬಿಪಿ ಇರುತ್ತದೆ, ಬರುವುದೂ ತಡವಾಗಿ.

ಪ್ರಶ್ನೆ (ಬೀದರ್, ಸ್ಟಾಫ್ ನರ್ಸ್):
ಸರ್, ಎದೆನೋವು ಅಂತ ಬಂದ ಕೂಡಲೇ ಆಕ್ಸಿಜನ್ ಹಚ್ಚುತ್ತೇವೆ. ಅದರಿಂದಲೂ ಈ ಪೆಟ್ಟು ಜಾಸ್ತಿ ಆಗುತ್ತದಾ?

ಉತ್ತರ:
ಬೆರಳಿನ ಮೀಟರಿನಲ್ಲಿ 90ಕ್ಕಿಂತ ಕಡಿಮೆ ಇದ್ದರೆ ಹಚ್ಚಲೇಬೇಕು ಸಿಸ್ಟರ್. 90 ಅಥವಾ ಮೇಲಿದ್ದರೆ ಬೇಡ. ಸ್ವೀಡನ್ನಿನಲ್ಲಿ 6,600ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಸುಮ್ನೆ ಆಕ್ಸಿಜನ್ ಕೊಟ್ಟಿದ್ದರಿಂದ ಲಾಭ ಆಗಲಿಲ್ಲ. ಮನೆಯವರು ‘ಗಾಳಿ ಹಚ್ಚಿಲ್ಲ’ ಅಂತ ಗಲಾಟೆ ಮಾಡಿದರೆ ಮೀಟರ್ ತೋರಿಸಿ ಸಮಾಧಾನದಿಂದ ಹೇಳಿ.

ಪ್ರಶ್ನೆ (ಯಾದಗಿರಿಯ ಸದಸ್ಯರು):
ಹಾಗಾದರೆ ತಾಲ್ಲೂಕು ದವಾಖಾನೆಗೆ ಹೋಗಿ ಟೈಮ್ ಹಾಳು ಮಾಡೋದಕ್ಕಿಂತ ನೇರ ಕಲಬುರಗಿಗೆ ಬರೋದೇ ಒಳ್ಳೇದು ಅಲ್ವಾ ಸರ್?

ಉತ್ತರ:
ಅಲ್ಲ ರೀ. ಈ ಒಂದು ಮಾತು ನಮ್ಮ ಭಾಗದ ಮನೆಮನೆಗೂ ಮುಟ್ಟಬೇಕು ಅಂತ ನನಗೆ ಬಹಳ ಆಸೆ.

2024ರ ಡಿಸೆಂಬರಿನಲ್ಲಿ ಇಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಹೊಸ ಆಸ್ಪತ್ರೆ ಉದ್ಘಾಟನೆ ಆಯಿತು. ಅಲ್ಲಿಗೇ ಹೋಗೋಣ ಅನಿಸುವುದು ಸಹಜ. ಆದರೆ ಸುರಪುರದಿಂದ ಇಲ್ಲಿಗೆ ನೂರು ಕಿಲೋಮೀಟರ್ ಮೇಲಾಗುತ್ತದೆ. ಆ ದಾರಿಯುದ್ದಕ್ಕೂ ಸ್ನಾಯು ಸಾಯುತ್ತಲೇ ಇರುತ್ತದೆ. ಇಸಿಜಿಯಲ್ಲಿ ದೊಡ್ಡ ಅಟ್ಯಾಕ್ ಅಂತ ಗೊತ್ತಾದ ಮೇಲೆ 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ (ಬಲೂನ್, ಸ್ಟೆಂಟ್‌ನಿಂದ ನಾಳ ತೆರೆಯುವುದು) ಆಗುವಂತಿಲ್ಲದಿದ್ದರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ತಾಲ್ಲೂಕು ದವಾಖಾನೆಯಲ್ಲೇ ಬೀಳಬೇಕು. ಟೆನೆಕ್ಟಿಪ್ಲೇಸ್ ಅಂತ ಹೆಸರು. ತೂಕ ನೋಡಿ ಒಂದೇ ಡೋಸ್, ನರಕ್ಕೆ. ಮೊದಲ ಎರಡು ಮೂರು ತಾಸಿನಲ್ಲಿ ಇದರ ಕೆಲಸ ಭರ್ಜರಿ, ತಡವಾದಷ್ಟೂ ಪ್ರಯೋಜನ ಕಡಿಮೆ. ಕೊಟ್ಟ ನಂತರ ಆಂಬುಲೆನ್ಸಿನಲ್ಲಿ ಇಲ್ಲಿಗೆ ಬನ್ನಿ. ಒಂದೂವರೆ ತಾಸಿನಲ್ಲಿ ಇಸಿಜಿ ಸುಧಾರಿಸದಿದ್ದರೆ ತಕ್ಷಣ ಆಂಜಿಯೋಪ್ಲಾಸ್ಟಿ ಮಾಡುತ್ತೇವೆ. ಸುಧಾರಿಸಿದ್ದರೆ ಒಂದು ದಿನದೊಳಗೆ ಆಂಜಿಯೋಗ್ರಾಂ, ಅಂದರೆ ಡೈ ಬಿಟ್ಟು ನಾಳ ನೋಡುವ ಪರೀಕ್ಷೆ.

ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಈ ಇಂಜೆಕ್ಷನ್ ಉಚಿತ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ನೋವು ಬಂದ ಮೇಲೆ ಹುಡುಕುವುದಲ್ಲ. ಪಾರ್ಶ್ವವಾಯು ಆದವರಿಗೆ, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಥವರನ್ನು ನೇರ ಕಳಿಸುತ್ತಾರೆ.

ಇನ್ನೊಂದು, ಕಾಕಾ ಅವರ ವಿಷಯದಲ್ಲಿ ಓದಿದ ಆ ನೋವಿನ ಸೂಜಿ. ಎದೆನೋವಿಗೆ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳಲೇಬೇಡಿ. ಡೈಕ್ಲೋಫಿನಾಕ್ ಥರದ ಔಷಧ ಅಟ್ಯಾಕಿನಲ್ಲಿ ಹೃದಯಕ್ಕೆ ಒಳ್ಳೆಯದಲ್ಲ. ಜೊತೆಗೆ ಆಮೇಲೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಸೂಜಿ ಚುಚ್ಚಿದ ಜಾಗದಲ್ಲಿ ಮಾಂಸದೊಳಗೇ ರಕ್ತ ಸೋರಿ ಗಡ್ಡೆ ಕಟ್ಟುತ್ತದೆ. ಅಲರ್ಜಿ, ಹೊಟ್ಟೆ ಹುಣ್ಣಿನ ರಕ್ತಸ್ರಾವ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. 108ಕ್ಕೆ ಫೋನ್ ಮಾಡಿದಾಗಲೇ ಕೇಳಿಕೊಳ್ಳಿ. ನಾಲಿಗೆ ಕೆಳಗಿನ ಸಾರ್ಬಿಟ್ರೇಟ್ ಮಾತ್ರ ಸ್ವಂತ ಬುದ್ಧಿಯಿಂದ ಬೇಡ. ಅದು ಬ್ಲಾಕ್ ತೆರೆಯುವುದಿಲ್ಲ, ಬಿಪಿ ಇಳಿಸುತ್ತದೆ.

ಪ್ರಶ್ನೆ (ಸುರಪುರದ ಸದಸ್ಯರು):
ಎಲ್ಲ ಅರ್ಥ ಆಯ್ತು ಡಾಕ್ಟ್ರೇ. ಕಾಕಾ ಅವರ 38 ಇನ್ನು ಹಾಗೇ ಉಳಿಯುತ್ತಾ?

ಉತ್ತರ:
ಈಗಲೇ ಹಾಗೆ ಅಂದುಕೊಳ್ಳಬೇಡಿ. ಅಟ್ಯಾಕ್ ಆದ ಕೂಡಲೇ ಮಾಡಿದ ಎಕೋದಲ್ಲಿ ಸತ್ತ ಸ್ನಾಯು, ಬರೀ ಸುಸ್ತಾದ ಸ್ನಾಯು ಎರಡೂ ಅಲುಗಾಡುವುದಿಲ್ಲ. ಸುಸ್ತಾದ ಭಾಗ ಕೆಲವು ವಾರಗಳಲ್ಲಿ ಮತ್ತೆ ಕೆಲಸ ಶುರುಮಾಡುತ್ತದೆ. ಅದಕ್ಕೆ ಎರಡು ಮೂರು ತಿಂಗಳಿಗೆ ಇನ್ನೊಂದು ಎಕೋ ಮಾಡಿಸಬೇಕು.

ಅಲ್ಲಿಯವರೆಗೆ ಗುಳಿಗೆ ತಪ್ಪಬಾರದು. ರಕ್ತ ತೆಳುವಾಗಿಸುವ ಎರಡು ಗುಳಿಗೆಗಳನ್ನು ಒಂದು ದಿನ ಬಿಟ್ಟರೂ ಸ್ಟೆಂಟ್ ಒಳಗೆ ಹೆಪ್ಪುಗಟ್ಟುವ ಭಯ ಇದೆ. ಬೀಟಾ ಬ್ಲಾಕರ್, ರಾಮಿಪ್ರಿಲ್ ಥರದ್ದು, ಸ್ಪೈರೊನೊಲ್ಯಾಕ್ಟೋನ್ ಇವು ಉಳಿದ ಸ್ನಾಯು ಹಿಗ್ಗಿ ಸೋಲದಂತೆ ಕಾಯುತ್ತವೆ. ಚೀಟಿಯಲ್ಲಿ ಇದ್ದಾವಾ ನೋಡಿ, ಇಲ್ಲದಿದ್ದರೆ ಯಾಕಿಲ್ಲ ಅಂತ ನಿಮ್ಮ ಡಾಕ್ಟರನ್ನೇ ಕೇಳಿ. ಬಿಪಿ, ಕಿಡ್ನಿ ನೋಡಿ ಬಿಟ್ಟಿರಬಹುದು. ಬೀಡಿ, ತಂಬಾಕು ಇದ್ದರೆ ಪೂರ್ತಿ ಬಂದ್.

ದಿನಾ ಬೆಳಿಗ್ಗೆ ತೂಕ ನೋಡಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದಾಗ ದಮ್ಮು ಬಂದರೆ ತಡ ಮಾಡದೆ ತೋರಿಸಿ. ಹೊಸ ಎಕೋ ಬಂದ ಮೇಲೆ ಹೆಸರು ಮುಚ್ಚಿ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.