ಅತ್ತೆಗೆ ಏನು ಕಾಯಿಲೆ ಅಂತ ಅತ್ತೆಗೇ ಹೇಳುತ್ತಿಲ್ಲ

ತೋಟದಮನೆ:
ನಮ್ಮ ಸೋದರತ್ತೆಗೆ 78 ವರ್ಷ, ಕುಶಾಲನಗರದ ಹತ್ತಿರ ಒಂದು ವೃದ್ಧಾಶ್ರಮದಲ್ಲಿದ್ದಾರೆ. ಮಂಡಿ ನೋವು ಬಿಟ್ಟರೆ ತಲೆ ಚುರುಕು, ಯಾವ ವರ್ಷ ಎಷ್ಟು ಮೂಟೆ ಕಾಫಿ ಆಯಿತು ಅಂತ ಈಗಲೂ ಬಾಯಲ್ಲೇ ಹೇಳುತ್ತಾರೆ. ಹೋದ ತಿಂಗಳು ಮಡಿಕೇರಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಬಂದ ಮೇಲೆ ಎರಡು ಮಾತ್ರೆ ಜಾಸ್ತಿಯಾಯಿತು. ಯಾಕೆ ಅಂತ ಕೇಳಿದರೆ "ಮಗನಿಗೆ ಫೋನಲ್ಲಿ ಹೇಳಿದ್ದೇವೆ ಅಜ್ಜಿ, ನೀವು ಸುಮ್ನೆ ನುಂಗಿ" ಅಂದರಂತೆ. ಮಗ ದುಬೈಯಲ್ಲಿ. ನನ್ನ ಹತ್ತಿರವೂ ಬಾಯಿ ಬಿಡುತ್ತಿಲ್ಲ, ಅಮ್ಮ ಕುಗ್ಗಿಹೋಗುತ್ತಾರೆ ಅಂತಾನೆ. ದುಡ್ಡು ಕಟ್ಟುವವನು ಅವನು ಸರಿ, ಕಾಯಿಲೆಯೂ ಅವನದ್ದೇ ಆಯಿತಾ?

ವಿರಾಜಪೇಟೆ ಕೋರ್ಟು:
ಇಲ್ಲ. ಬುದ್ಧಿ ಸರಿಯಾಗಿರುವವರೆಗೆ ಹೇಳಬೇಕಾದ್ದು ಅತ್ತೆಗೆ, ಒಪ್ಪಿಗೆ ಕೇಳಬೇಕಾದ್ದೂ ಅತ್ತೆಯನ್ನೇ. 2008ರ ಸಮೀರಾ ಕೊಹ್ಲಿ ಕೇಸ್ ನೋಡಿ, ಸುಪ್ರೀಂ ಕೋರ್ಟಿನದ್ದು. ಪರೀಕ್ಷೆಗೆ ಅಂತ ಅರಿವಳಿಕೆ ಕೊಟ್ಟು ಮಲಗಿಸಿದ್ದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ತಗೊಂಡು ಗರ್ಭಕೋಶ ತೆಗೆದಿದ್ದರು. ಜೀವಕ್ಕೆ ತುರ್ತೇನೂ ಇರಲಿಲ್ಲ, ಆಕೆಗೆ ಎಚ್ಚರವಾಗುವ ತನಕ ಕಾಯಬಹುದಿತ್ತು, ಹಾಗಾಗಿ ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಅಂದಿತು ಕೋರ್ಟು. ಹೆತ್ತವಳ ಒಪ್ಪಿಗೆಯೇ ಸಾಲದಿದ್ದರೆ ದುಬೈಯ ಫೋನು ಸಾಕಾಗುತ್ತದಾ? ಇನ್ನೊಂದು, ರೋಗಿ ದಾಖಲೆ ಕೇಳಿದರೆ ಡಾಕ್ಟರು 72 ಗಂಟೆಯೊಳಗೆ ಕೊಡಬೇಕು, 2002ರ ವೈದ್ಯ ನಿಯಮದಲ್ಲೇ ಇದೆ. ಅತ್ತೆಯ ಕೈಯಲ್ಲಿ ಎರಡು ಸಾಲು ಬರೆಸಿ ಸ್ಕ್ಯಾನ್ ಮಾಡಿದ ಕಡೆಗೇ ಕೊಡಿ.

ಹಳೇ ಸಿಸ್ಟರ್:
ಇಂಥ ಕಡೆ ಆರು ವರ್ಷ ಕೆಲಸ ಮಾಡಿದ್ದೇನೆ. ಮುಚ್ಚಿಡುವುದು ಕೆಟ್ಟತನದಿಂದಲ್ಲ, ಮಕ್ಕಳು ಬೈಯುತ್ತಾರೆ ಅನ್ನುವ ಹೆದರಿಕೆಯಿಂದ. ಆದರೆ ಅಜ್ಜಿಯರಿಗೆ ಮಾತ್ರೆಯ ಬಣ್ಣ ಬದಲಾದ ದಿನವೇ ಅನುಮಾನ ಬರುತ್ತದೆ. ಒಬ್ಬರು ನುಂಗಿದ ಹಾಗೆ ಮಾಡಿ ದಿಂಬಿನ ಕೆಳಗೆ ಇಡುತ್ತಿದ್ದರು, ಹಾಸಿಗೆ ಕೊಡವುವಾಗ 19 ಮಾತ್ರೆ ಸಿಕ್ಕಿತು. ಬರೀ ಬಿಪಿಯದ್ದು! ಹೇಳಿದ್ದರೆ ನುಂಗುತ್ತಿದ್ದರು ಅಲ್ವಾ.

ಸೋಮವಾರಪೇಟೆಯವ:
ಹಕ್ಕು ಸರಿ. ಆದರೆ ನಮ್ಮ ಅಪ್ಪನಿಗೆ ಡಾಕ್ಟರು ಬಾಗಿಲಲ್ಲಿ ನಿಂತೇ ಕ್ಯಾನ್ಸರ್ ಅಂತ ಹೇಳಿ ಹೊರಟುಹೋದರು. ಆ ರಾತ್ರಿಯಿಂದ ಅಪ್ಪ ಊಟ ಬಿಟ್ಟರು. ಮೊದಲು ಅತ್ತೆಯನ್ನೇ ಕೇಳಿ, ಎಷ್ಟು ತಿಳಿಯಬೇಕು ಅಂತ. ಬೇಡ ಅಂದರೆ ಅದೂ ಅವರದ್ದೇ ತೀರ್ಮಾನ.

ತೋಟದಮನೆ:
ನಿನ್ನೆ ಹೋಗಿ ಕೇಳಿದೆ. "ಕಾಯಿಲೆ ಹೆಸರು ನೆನಪಿರಲ್ಲ, ಬಿಡು. ಮುಂದಿನ ಕಾಫಿ ಕುಯ್ಲಿಗೆ ನಾನಿರ್ತೀನಾ, ಅಷ್ಟು ಹೇಳಲಿ" ಅಂದರು. ಕಾಗದ ಅವರೇ ಬರೆದರು, ನನ್ನದಕ್ಕಿಂತ ಅಕ್ಷರ ಚೆನ್ನಾಗಿದೆ. ಸೋಮವಾರ ಇಬ್ಬರೂ ಮಡಿಕೇರಿಗೆ ಹೋಗುತ್ತಿದ್ದೇವೆ. ದುಬೈಗೆ ಫೋನ್ ಆಮೇಲೆ.