ಹ್ಯಾಮ್‌ಸ್ಟರ್ ಕಡ್ಡಿಗೆ ಹಲ್ಲು ಹಾಕುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಸಾಕಿದ ಹ್ಯಾಮ್‌ಸ್ಟರ್, ಗಿನಿಪಿಗ್‌ಗಳ ಫೋಟೊ ತೆಗೆಯುವುದು ಹೇಗೆ ಅಂತ ನಮ್ಮ ಬಡಾವಣೆಯ ಮಕ್ಕಳಿಗೆ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಫೋಟೊದ ಅಡಿಬರಹಕ್ಕೆ ಸರಿಯಾದ ಕ್ರಿಯಾಪದ ಸಿಗುತ್ತಿಲ್ಲ.

ಸಂಜೆ ನಿದ್ದೆಯಿಂದ ಎದ್ದ ಹ್ಯಾಮ್‌ಸ್ಟರ್ ಸೇಬುಮರದ ಕಡ್ಡಿಯನ್ನು ಮುಂಗಾಲಲ್ಲಿ ಒತ್ತಿ ಹಿಡಿದಿದೆ. ಹಳದಿ ಬಾಚಿಹಲ್ಲು ಕಡ್ಡಿಗೆ ಇಳಿದಿದೆ. ತೊಗಟೆಯ ಎಳೆಯೊಂದು ಮೀಸೆಗೆ ಅಂಟಿದೆ. ಕ್ಯಾಮೆರಾ ನೆಲದ ಮೇಲೇ ಇಟ್ಟು, ಅದರ ಕಣ್ಣಿನ ಮಟ್ಟದಲ್ಲಿ ತೆಗೆದದ್ದು. ಫ್ಲ್ಯಾಶ್ ಇಲ್ಲ, ಪಕ್ಕದಲ್ಲಿ ಮೇಜಿನ ದೀಪ ಅಷ್ಟೇ. ತಲೆ ಒಂದೇ ಸಮನೆ ಅಲುಗುತ್ತಿರುತ್ತದೆ, ಹಾಗಾಗಿ ಷಟರ್ ವೇಗ ಸೆಕೆಂಡಿನ 1/500. ಅಂದಹಾಗೆ, ಆ ಹಳದಿ ಕೊಳೆಯಲ್ಲ, ಹ್ಯಾಮ್‌ಸ್ಟರ್ ಹಲ್ಲಿನ ಬಣ್ಣವೇ ಅದು. ಗಿನಿಪಿಗ್‌ನದು ಬೆಳ್ಳಗಿರುತ್ತದೆ. ಫೋಟೊ ತಿದ್ದುವಾಗ ಬಿಳಿ ಮಾಡಬೇಡಿ ಅಂತ ಕೈಪಿಡಿಯಲ್ಲೂ ಹೇಳಿದ್ದೇನೆ.

ಅದು ಕಡ್ಡಿಯನ್ನು ತಿನ್ನುತ್ತಿಲ್ಲ, ಹಲ್ಲು ಸವೆಸಿಕೊಳ್ಳುತ್ತಿದೆ. ಇಲಿಜಾತಿಯ ಬಾಚಿಹಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ. ಸವೆಯದಿದ್ದರೆ ಉದ್ದವಾಗಿ, ಮೇವು ತಿನ್ನಲೂ ಆಗುವುದಿಲ್ಲ.

‘ಕಡಿಯುತ್ತಿದೆ’ ಅಂತ ಮೊದಲು ಬರೆದೆ. ಆದರೆ ‘ಇಲಿ ಸೀರೆ ಕಡಿದಿದೆ’ ಅನ್ನುವಾಗ ಅಲ್ಲಿ ನಷ್ಟದ ಮಾತಿದೆ. ಸೊಳ್ಳೆ, ಇರುವೆಯೂ ಕಡಿಯುತ್ತವೆ. ಓದಿದ ಮಗು ಮುಟ್ಟಲು ಹೆದರುತ್ತದೆ. ‘ಕೊರೆಯುತ್ತಿದೆ’ ಅಂದರೆ ತೂತು ಬೀಳಬೇಕು, ಇಲ್ಲಿ ಏಳುತ್ತಿರುವುದು ತೊಗಟೆ ಮಾತ್ರ. ‘ಕುರುಕುತ್ತಿದೆ’ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಕುರುಕಲು ಅಂದ ಕೂಡಲೇ ತಿಂಡಿಯ ಕಡೆ ಮನಸ್ಸು ಹೋಗುತ್ತದೆ ಅಲ್ವಾ?

ಜಾಸ್ತಿ ಹತ್ತಿರ ಬಂದದ್ದು ‘ಹಲ್ಲು ಮಸೆಯುತ್ತಿದೆ’. ಕೆಲಸವೇನೋ ಅದೇ. ಈ ಹಲ್ಲಿನ ಮುಂಬದಿಗೆ ಮಾತ್ರ ಗಟ್ಟಿ ಎನಾಮಲ್ ಇದೆ. ಹಿಂಬದಿ ಬೇಗ ಸವೆಯುತ್ತದೆ, ಅದಕ್ಕೇ ತುದಿ ಸದಾ ಚೂಪು. ಬಡಗಿಯ ಬಾಚಿಯ ಹೆಸರು ಈ ಹಲ್ಲಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಆದರೆ ಕನ್ನಡದಲ್ಲಿ ಹಲ್ಲು ಮಸೆಯುವುದು ಅಂದರೆ ಸಿಟ್ಟು, ಹಗೆ. ಆ ಅರ್ಥ ಇಲ್ಲಿ ಸುಳಿಯಲೇಬಾರದು.

‘ಹಲ್ಲು ತೇಯುತ್ತಿದೆ’ ಅನ್ನಬಹುದಾ? ಗಂಧದ ಕೊರಡು ತೇದಷ್ಟೂ ಸವೆಯುವ ಹಾಗೆ ಇಲ್ಲಿ ಹಲ್ಲು ಸವೆಯುತ್ತದೆ. ನನಗೆ ಸದ್ಯಕ್ಕೆ ಇದೇ ಹಿಡಿಸಿದೆ. ತೇಯುವುದರಲ್ಲಿ ಉಜ್ಜುವ ಅರ್ಥ ಇದೆ, ಕಚ್ಚುವ ಅರ್ಥ ಇಲ್ಲ. ಅದೊಂದೇ ಕೊರತೆ.

ಇನ್ನೊಂದು ಸಣ್ಣ ಪ್ರಶ್ನೆ. ಪುಸ್ತಕಗಳಲ್ಲಿ ಇಲಿ, ಹ್ಯಾಮ್‌ಸ್ಟರ್‌ಗಳ ಗುಂಪಿಗೆ ‘ದಂಶಕ’ ಅಂತಿದೆ. ಸರ್ಪದಂಶ ಕೇಳಿದ ಕಿವಿಗೆ ಅದು ವಿಷದ ಹಾಗೆ ಕೇಳಿಸುತ್ತದೆ. ನಾನು ‘ಇಲಿಜಾತಿ’ ಅಂತ ಬಳಸಿದ್ದೇನೆ. ಅಳಿಲು, ಮುಳ್ಳುಹಂದಿ ಕೂಡ ಈ ಗುಂಪಿನವೇ. ಅವನ್ನೂ ಇಲಿಜಾತಿ ಅಂದರೆ ನಿಮಗೆ ಸರಿ ಅನ್ನಿಸುತ್ತದಾ?

ಗದ್ದೆ, ತೋಟ ಇರುವವರು ಇಲಿ, ಅಳಿಲುಗಳನ್ನು ದಿನಾ ನೋಡುತ್ತೀರಿ. ಅವು ಹೀಗೆ ಕಡ್ಡಿಗೆ ಹಲ್ಲು ಹಾಕುವುದಕ್ಕೆ ನಿಮ್ಮೂರಲ್ಲಿ ಏನಂತಾರೆ? ಪದದ ಜೊತೆ, ಅದು ಮಾತಿನಲ್ಲಿ ಬರುವ ಒಂದು ವಾಕ್ಯವನ್ನೂ ದಯವಿಟ್ಟು ಬರೆಯಿರಿ.