ಹಿಂದೆ ಕಾಮಾಲೆ ಆಗಿದ್ದವರು ರಕ್ತ ಕೊಡಬಹುದಾ? ಹೇಗೂ ಟೆಸ್ಟ್ ಮಾಡ್ತಾರಲ್ವಾ?

ಸಾಗರದವನು:
ನಾಡಿದ್ದು ನಮ್ಮ ದೊಡ್ಡಮ್ಮನಿಗೆ ಆಪರೇಷನ್ ಇದೆ. ಎರಡು ಯೂನಿಟ್ ರಕ್ತ ಹೊಂದಿಸಿ ಅಂದಿದ್ದಾರೆ. ನನಗೆ ಕೊಡುವ ಆಸೆ, ಆದರೆ ಪಿಯುಸಿ ಓದುವಾಗ ಒಮ್ಮೆ ಕಾಮಾಲೆ ಆಗಿತ್ತು. ಆಗ ಯಾರೂ ರಕ್ತ ಪರೀಕ್ಷೆ ಮಾಡಿಸಲಿಲ್ಲ, ಊರಲ್ಲೇ ನೆಲನೆಲ್ಲಿ ರಸ ಕುಡಿಸಿ, ತೋಳಿಗೆ ಬರೆ ಹಾಕಿಸಿ, ಒಂದು ತಿಂಗಳು ಎಣ್ಣೆ, ಖಾರ ಬಿಡಿಸಿದರು, ವಾಸಿಯಾಯಿತು. ಈಗ 13 ವರ್ಷ ಆಯಿತು. ರಕ್ತ ಕೊಡುವ ಮುಂಚೆ ತುಂಬಿಸುವ ಫಾರ್ಮಿನಲ್ಲಿ ಕಾಮಾಲೆ ಬಂದಿತ್ತೇ ಅಂತ ಕೇಳುತ್ತಾರಂತೆ. ನಮ್ಮ ಭಾವ ‘ಸುಮ್ನೆ ಇಲ್ಲ ಅಂತ ಬರಿ, ಹೇಗೂ ಎಲ್ಲಾ ಟೆಸ್ಟ್ ಮಾಡ್ತಾರೆ’ ಅನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತಿದೆ. ಇದರಲ್ಲಿ ತಪ್ಪೇನಾದರೂ ಇದೆಯಾ?

ಲ್ಯಾಬ್ ಮನುಷ್ಯ:
ಬ್ಲಡ್ ಬ್ಯಾಂಕಿನಲ್ಲಿ 11 ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ. ದಯವಿಟ್ಟು ‘ಇಲ್ಲ’ ಅಂತ ಬರೆಯಬೇಡಿ.

ಪ್ರತಿ ಬ್ಯಾಗಿಗೂ ಐದು ಟೆಸ್ಟ್ ಕಡ್ಡಾಯ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಹೆಪಟೈಟಿಸ್ ಅಂದರೆ ಲಿವರಿನ ಉರಿಯೂತ, ಕಾಮಾಲೆಗೆ ಅದೂ ಒಂದು ಕಾರಣ; ಎ, ಬಿ, ಸಿ, ಇ ಅನ್ನುವುದು ಅದನ್ನು ತರುವ ಬೇರೆ ಬೇರೆ ವೈರಸ್‌ಗಳು. ಆದರೆ ಟೆಸ್ಟ್‌ಗೂ ಕಾಣದ ಜಾಗ ಇದೆ. ಸಿ ವೈರಸ್‌ಗೆ ಸಾಮಾನ್ಯವಾಗಿ ನಾವು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸುವ ಆಂಟಿಬಾಡಿಯನ್ನು. ಅದು ಕಾಣಿಸಿಕೊಳ್ಳಲು ಎರಡು ತಿಂಗಳಾದರೂ ಬೇಕಾಗಬಹುದು. ಅಷ್ಟು ದಿನ ದಾನಿಯ ರಕ್ತದಲ್ಲಿ ವೈರಸ್ ಇರುತ್ತದೆ, ನಮ್ಮ ರಿಪೋರ್ಟ್ ನೆಗೆಟಿವ್ ಅನ್ನುತ್ತದೆ. ಇದನ್ನೇ ವಿಂಡೋ ಪೀರಿಯಡ್ ಅನ್ನುವುದು. ನ್ಯಾಟ್ ಅನ್ನುವ ಟೆಸ್ಟ್ ನೇರವಾಗಿ ವೈರಸ್ಸಿನ ಜೀನ್ ಹುಡುಕುತ್ತದೆ, ಆಗ ಈ ಗ್ಯಾಪ್ ಬಹಳ ಕಡಿಮೆಯಾಗುತ್ತದೆ. ಆದರೆ ದೇಶದಲ್ಲಿ ನ್ಯಾಟ್ ಕಡ್ಡಾಯ ಅಲ್ಲ, ದುಬಾರಿ ಬೇರೆ, ಸಣ್ಣ ಊರಿನ ಎಷ್ಟೋ ಬ್ಲಡ್ ಬ್ಯಾಂಕ್‌ಗಳಲ್ಲಿ ಇಲ್ಲ.

ನಿಮ್ಮದು 13 ವರ್ಷದ ಹಿಂದಿನ ಮಾತು, ವಿಂಡೋ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಚಿಂತೆ ಬಿ ವೈರಸ್ಸಿನದು. ಕೆಲವರಲ್ಲಿ ಅದು ವಾಸಿಯಾದಂತೆ ಕಂಡರೂ ಲಿವರಿನಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ರಕ್ತದಲ್ಲಿ ಬಿ ವೈರಸ್ ಇದೆಯೇ ಅಂತ ನೋಡಲು ನಾವು ಮಾಡುವ ಎಚ್‌ಬಿಎಸ್‌ಎಜಿ ಟೆಸ್ಟ್ ನೆಗೆಟಿವ್ ಬರುತ್ತದೆ, ಆದರೂ ಆ ರಕ್ತದಿಂದ ಇನ್ನೊಬ್ಬರಿಗೆ ಅಂಟಬಹುದು. ನಿಮಗೆ ಬಂದದ್ದು ನೀರಿನಿಂದ ಬರುವ ಎ ಅಥವಾ ಇ ಇರಬಹುದು. ಹಾಗಾಗಿದ್ದರೆ ವಾಸಿಯಾಗಿ ಒಂದು ವರ್ಷ ಕಳೆದ ಮೇಲೆ ಕೊಡಬಹುದು. ಬಿ ಅಥವಾ ಸಿ ಆಗಿದ್ದರೆ ಯಾವತ್ತೂ ಕೊಡುವಂತಿಲ್ಲ. ಯಾವುದು ಅಂತ ನೆಲನೆಲ್ಲಿ ರಸಕ್ಕೆ ಗೊತ್ತಾಗುವುದಿಲ್ಲ ಅಲ್ವಾ? ಅದಕ್ಕೇ ಡಾಕ್ಟರ್ ಹತ್ತಿರ ಎಲ್ಲವನ್ನೂ ಹೇಳಿ. ಇನ್ನೊಂದು ಮಾತು, ಒಂದು ಬ್ಯಾಗನ್ನು ನಾವು ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಅಂತ ಬೇರೆ ಮಾಡುತ್ತೇವೆ. ಅದು ಮೂವರಿಗೆ ಹೋಗಬಹುದು.

ಅಮ್ಮ ಹಾಸನ:
ನನ್ನ ಮಗನಿಗೆ ಥಲಸ್ಸೇಮಿಯಾ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಏರಿಸಲೇಬೇಕು. ಒಂದು ವರ್ಷಕ್ಕೆ 17 ಸಲ, ಪ್ರತಿ ಸಲವೂ ಯಾರೋ ಗುರುತಿಲ್ಲದವರ ರಕ್ತ. ಅವರನ್ನೆಲ್ಲ ನಾನು ದೇವರು ಅಂತಲೇ ಅಂದುಕೊಂಡಿದ್ದೇನೆ. ಅವನಿಗೆ ಏಳು ವರ್ಷ ಇದ್ದಾಗ ಮಾಮೂಲಿ ತಪಾಸಣೆಯಲ್ಲಿ ಹೆಪಟೈಟಿಸ್ ಸಿ ಇದೆ ಅಂತ ಗೊತ್ತಾಯಿತು. ಕಣ್ಣು ಹಳದಿ ಆಗಿರಲಿಲ್ಲ, ಜ್ವರ ಇರಲಿಲ್ಲ, ಏನೂ ಇರಲಿಲ್ಲ. ಏರಿಸಿದ ಪ್ರತಿ ಬ್ಯಾಗಿನ ಮೇಲೂ ಟೆಸ್ಟ್ ಆಗಿದೆ ಅನ್ನುವ ಚೀಟಿ ಇತ್ತು. ಆ ರಾತ್ರಿ ನಾನು ಹಳೇ ಚೀಟಿಗಳನ್ನೆಲ್ಲ ಹರಡಿಕೊಂಡು ಯಾವುದಿರಬಹುದು, ಯಾವುದಿರಬಹುದು ಅಂತ ನೋಡುತ್ತಾ ಕೂತಿದ್ದೆ. ಹದಿಮೂರನೇ ವಯಸ್ಸಿನಲ್ಲಿ 12 ವಾರ ಮಾತ್ರೆ ಕೊಟ್ಟರು, ವೈರಸ್ ಹೋಯಿತು. ಆ ಮಾತ್ರೆ ಬರುವ ತನಕ ಕಾದ ಆರು ವರ್ಷ ಹೇಗೆ ಕಳೆದೆವು ಅಂತ ನಮಗೇ ಗೊತ್ತು. ಕೊಡಲು ಆಗುವುದಿಲ್ಲ ಅಂದರೆ ನಮಗೆ ಬೇಜಾರಿಲ್ಲಪ್ಪ. ನಿಜ ಬರೆಯಿರಿ, ಅಷ್ಟು ಸಾಕು.

ಮೆಡಿಕಲ್ ಸ್ಟೂಡೆಂಟ್:
‘ಟೆಸ್ಟ್ ಇದೆಯಲ್ಲ’ ಅನ್ನುವವರಿಗೆ ಒಂದು ಹಳೇ ವಿಷಯ. ಅಮೆರಿಕದಲ್ಲಿ 1970ಕ್ಕೆ ಮುಂಚೆ, ಹೆಪಟೈಟಿಸ್ ಸಂಶೋಧಕ ಹಾರ್ವೆ ಆಲ್ಟರ್ ಕೆಲಸ ಮಾಡುತ್ತಿದ್ದ ಸರ್ಕಾರಿ ಸಂಶೋಧನಾ ಆಸ್ಪತ್ರೆಯಲ್ಲಿ, ಹೃದಯದ ಆಪರೇಷನ್‌ಗೆ ರಕ್ತ ಪಡೆದ 100ರಲ್ಲಿ ಸುಮಾರು 30 ಜನರಿಗೆ ಹೆಪಟೈಟಿಸ್ ಬರುತ್ತಿತ್ತು. ಹಣಕ್ಕೆ ರಕ್ತ ಮಾರುವವರನ್ನು ಪೂರ್ತಿ ಬಿಟ್ಟು, ಆಗಷ್ಟೇ ಬಂದಿದ್ದ ಬಿ ಟೆಸ್ಟ್ ಸೇರಿಸಿದ ಮೇಲೆ ಅದು 10ರ ಹತ್ತಿರಕ್ಕೆ ಇಳಿಯಿತು. ಸಿ ವೈರಸ್ ಪತ್ತೆಯಾದದ್ದೇ 1989ರಲ್ಲಿ. ಅಂದರೆ ಇಷ್ಟೊಂದು ಇಳಿಯುವಾಗ ಸಿ ಅನ್ನುವ ಹೆಸರೂ ಇರಲಿಲ್ಲ, ಯಾರ ರಕ್ತ ತೆಗೆದುಕೊಳ್ಳುತ್ತೇವೆ ಅಂತ ನೋಡಿದ್ದೇ ದೊಡ್ಡ ಕಾವಲಾಯಿತು. ನಮ್ಮಲ್ಲಿ ದುಡ್ಡಿಗೆ ರಕ್ತ ಕೊಡುವುದು ನಿಂತದ್ದು ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿ 1ರಿಂದ. ಈಗ ನಮ್ಮವರದ್ದೇ ಆಪರೇಷನ್, ಕೊಡಲೇಬೇಕು ಅಂತ ಮನೆಯವರು ಒತ್ತಾಯ ಮಾಡಿದಾಗ ಜನ ಫಾರ್ಮಿನಲ್ಲಿ ಸುಳ್ಳು ಬರೆಯುತ್ತಾರೆ.

ಸಾಗರದವನು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೋಗಿ ‘ಹೌದು’ ಅಂತಲೇ ಬರೆದೆ. ಡಾಕ್ಟರ್ ಕೂರಿಸಿಕೊಂಡು ಎಲ್ಲ ಕೇಳಿ, ಬೇಡ ಅಂದರು. ಇಬ್ಬರು ಗೆಳೆಯರು ಶಿವಮೊಗ್ಗದಿಂದ ಬಂದು ಕೊಟ್ಟರು. ನಾನು ಬಿ, ಸಿ ಎರಡಕ್ಕೂ ನನ್ನ ಟೆಸ್ಟ್ ಮಾಡಿಸಲು ಕೊಟ್ಟಿದ್ದೇನೆ. ಅಮ್ಮ ಹಾಸನ ಅವರ ಮಾತನ್ನು ಭಾವನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೂ ಮದುವೆಗೆ ಮುಂಚೆ ಕಾಮಾಲೆ ಆಗಿತ್ತು, ಮೂರು ಸಲ ‘ಇಲ್ಲ’ ಅಂತ ಬರೆದು ರಕ್ತ ಕೊಟ್ಟಿದ್ದೇನೆ ಅಂದರು. ಈಗ ಏನು ಮಾಡಬೇಕು?

ಲ್ಯಾಬ್ ಮನುಷ್ಯ:
ಮೊದಲು ಅವರ ಟೆಸ್ಟ್ ಮಾಡಿಸಿ, ಎಚ್‌ಬಿಎಸ್‌ಎಜಿ ಜೊತೆಗೆ ಆಂಟಿ ಎಚ್‌ಬಿಸಿ (ಹಿಂದೆ ಯಾವಾಗಲಾದರೂ ಬಿ ತಗುಲಿತ್ತೇ ಅಂತ ತೋರಿಸುವ ಟೆಸ್ಟ್) ಅಂತ ಕೇಳಿ ಮಾಡಿಸಿ, ಸಿ ಕೂಡ. ಏನಾದರೂ ಕಂಡರೆ ಕೊಟ್ಟ ತಾರೀಖು ಹಿಡಿದುಕೊಂಡು ಅದೇ ಬ್ಲಡ್ ಬ್ಯಾಂಕಿಗೆ ಹೋಗಿ ಹೇಳಲಿ. ಬೈಯುತ್ತಾರೆ ಅಂತ ಹೆದರುವುದು ಬೇಡ. ರಿಜಿಸ್ಟರಿನಲ್ಲಿ ಬ್ಯಾಗ್ ನಂಬರ್ ಇರುತ್ತದೆ, ಯಾರಿಗೆ ಹೋಯಿತು ಅಂತ ಹುಡುಕಿ ಅವರನ್ನೂ ಕರೆಸಿ ನೋಡಬಹುದು.